ಕುರುಗೋಡಿನಲ್ಲಿ ಇಳಿದ ಟೇಲರಕ್ಕ

ದಾರ ಕಡಿದು ಕಡಿದು ಟೇಲರಕ್ಕನ ಮುಂದಿನ ಹಲ್ಲಿನಲ್ಲಿ ಸಣ್ಣದೊಂದು ಕಚ್ಚು ಬಿದ್ದಿತ್ತು. ನಕ್ಕರೆ ಮೊದಲು ಅದೇ ಕಾಣುತ್ತಿತ್ತು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಾನೂ ಅವ್ವನೂ ಇದ್ದ ಬಾಡಿಗೆ ಮನೆಯ ಪಕ್ಕದಲ್ಲೇ ಅವರ ಹೊಲಿಗೆ ಅಂಗಡಿ. ನನಗೆ ಬುದ್ಧಿ ನಿಧಾನ. ಒಂದನೇ ಇಯತ್ತೆಯಲ್ಲೇ ಶಾಲೆ ಬಿಡಿಸಿದ್ದರು. ಟೇಲರಕ್ಕ ಬ್ಲೌಸಿಗೆ ಮೊದಲು ಬಿಳಿ ದಾರದ ಕಚ್ಚಾ ಹೊಲಿಗೆ ಹಾಕುತ್ತಿದ್ದರು. ಪಕ್ಕಾ ಹೊಲಿಗೆ ಬಿದ್ದ ಮೇಲೆ ಆ ದಾರ ಕೀಳುವುದು ನನ್ನ ಕೆಲಸ.

"ನಿಧಾನ ಅದಾನ, ಆದ್ರ ಒಂದು ಬಟ್ಟಿನೂ ಹರಿದಿಲ್ಲ ನನ್ನ ತಮ್ಮ," ಎಂದು ಗಿರಾಕಿಗಳ ಮುಂದೆ ಹೇಳುತ್ತಿದ್ದರು.

ಅವ್ವ ತೀರಿಕೊಂಡಾಗ ನನಗೆ ಮೂವತ್ತೆರಡು. ನನಗೆ ಯಾರೂ ಹೇಳಲಿಲ್ಲ. ಮಣ್ಣು ಮಾಡುವ ದಿನ ನನ್ನನ್ನು ಸಂಬಂಧಿಕರ ಮನೆಗೆ ಕಳಿಸಿದ್ದರು. "ಅವ್ವ ದವಾಖಾನಿಯಾಗ ಅದಾಳ, ಬರ್ತಾಳ," ಎಂದಿದ್ದ ಅಣ್ಣ. ನಾನು ದಿನಾ ಅವಳ ತಟ್ಟೆಗೆ ರೊಟ್ಟಿ ಹಾಕಿ ಮುಚ್ಚಿಡುತ್ತಿದ್ದೆ. ನಾಲ್ಕನೇ ದಿನ ಟೇಲರಕ್ಕ ಆ ತಟ್ಟೆ ನೋಡಿದರು. ನನ್ನೆದುರು ನೆಲದ ಮೇಲೆ ಕೂತರು.

"ತಮ್ಮಾ, ನಿಮ್ಮವ್ವ ಸತ್ತಾಳ. ಮಲಗಿಲ್ಲ, ಊರಿಗೆ ಹೋಗಿಲ್ಲ. ಸತ್ತಾಳ. ಇನ್ನ ಬರಂಗಿಲ್ಲ."

ಆಮೇಲೆ ಮಣ್ಣು ಮಾಡಿದ ಜಾಗಕ್ಕೆ ಕರೆದುಕೊಂಡು ಹೋದರು. ನಾನು ಎಷ್ಟೊತ್ತು ಅತ್ತೆನೋ, ಅಷ್ಟೊತ್ತೂ ನಿಂತೇ ಇದ್ದರು.

ಅಣ್ಣನ ಮನೆ ಸಿರುಗುಪ್ಪದಲ್ಲಿ. "ಸೋಮವಾರ ಸಾಮಾನು ಒಯ್ಯಾಕ ಗಾಡಿ ಬರತೈತಿ, ಇವನ್ನೂ ಅದರಾಗ ಕರ್ಕೊಂಡು ಹೋಗ್ತೀನಿ," ಎಂದ.

"ಅವನೂ ಒಂದು ಸಾಮಾನೇನಪಾ?"

"ಅಕ್ಕಾ, ನೀವು ಬ್ಲೌಸ್ ಹೊಲೀರಿ. ನಮ್ಮ ಮನಿ ವಿಷಯ ನಮಗ ಬಿಡ್ರಿ."

"ಬ್ಲೌಸಿಗೇ ಮೊದ್ಲು ಕಚ್ಚಾ ಹೊಲಿಗಿ ಹಾಕಿ ನೋಡ್ತೀನಿ. ಇವನ್ನೂ ಹಂಗ ಸ್ವಲ್ಪ ಸ್ವಲ್ಪ ದಿನ ನಿನ್ನ ಮನ್ಯಾಗ ಇಟ್ಟು ನೋಡೋಣು. ಒಂದು ತಿಂಗಳು ಕೊಡು."

ಒಪ್ಪಿದ. ಮೊದಲ ಸಲ ಸಿರುಗುಪ್ಪದ ಬಸ್ಸಿನಲ್ಲಿ ಟೇಲರಕ್ಕ ನನ್ನ ಪಕ್ಕ ಕೂತು ಬಂದರು. ಎರಡೇ ದಿನಕ್ಕೆ ನಾನು ಅಳುತ್ತ ಅಣ್ಣನ ಜೊತೆ ವಾಪಸ್ಸು ಬಂದೆ. ಅಣ್ಣ ಸಿಟ್ಟಾಗಿ, "ಯಾವುದಾರ ಆಶ್ರಮಕ್ಕ ಬಿಡ್ತೀನಿ," ಎಂದ.

ಟೇಲರಕ್ಕ ಗಾಬರಿಯಾಗಲಿಲ್ಲ. "ಕಚ್ಚಾ ಹೊಲಿಗಿ ಬಿಚ್ಚಿದ್ವಿ, ಅಷ್ಟ. ಮತ್ತ ಹಾಕೋಣು. ಅಲ್ಲಿ ನಿನಗ ಏನು ಕಮ್ಮಿ ಆತು ಹೇಳು, ತಮ್ಮಾ."

ಅದುವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. "ಅವ್ವ ನನಗ ಹೊಚ್ಚತಿದ್ದ ಕೌದಿ," ಎಂದೆ.

ಮುಂದಿನ ಸಲ ಕೌದಿ ನನ್ನ ತೊಡೆಯ ಮೇಲಿತ್ತು, ಅವರು ಮೂರು ಸೀಟು ಹಿಂದೆ ಕೂತಿದ್ದರು. ನಾಲ್ಕು ದಿನ ಇದ್ದು ಬಂದೆ. ಕರಿ ಬಟ್ಟೆಯ ಮೇಲೆ ಟೇಲರ್ ಚಾಕಿನಿಂದ 'ಸಿರುಗುಪ್ಪ', 'ಬಳ್ಳಾರಿ' ಎಂದು ಬರೆದು, ಬಸ್ಸಿನ ಬೋರ್ಡು ಓದುವುದು ಕಲಿಸಿದರು. ನಾನು ಕಲಿತ ಮೊದಲ ಅಕ್ಷರಗಳು ಅವು. ಉಳಿದವು ಮುಂದೆ ಸಿರುಗುಪ್ಪದ ಸಂಜೆ ಶಾಲೆಯಲ್ಲಿ ಬಂದವು.

ಮೂರನೇ ಸಲ ಅವರು ಅರ್ಧ ದಾರಿಯಲ್ಲಿ, ಕುರುಗೋಡಿನಲ್ಲಿ, ಇಳಿದುಬಿಟ್ಟರು. "ಅಕ್ಕಾ!" ಎಂದು ಕೂಗಿದೆ. ಕೆಳಗಿನಿಂದ ಕೈ ಬೀಸಿ, "ಹೋಗು ತಮ್ಮಾ, ನಿನಗ ದಾರಿ ಬರತೈತಿ!" ಎಂದು ನಕ್ಕರು. ಹಲ್ಲಿನ ಕಚ್ಚು ಕಂಡಿತು. ಉಳಿದ ದಾರಿ ಒಬ್ಬನೇ ಹೋದೆ. ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ ಅಣ್ಣ ಬಾಯಿ ತೆರೆದು ನೋಡಿದ. ಆಶ್ರಮದ ಮಾತು ಮತ್ತೆ ಬರಲಿಲ್ಲ; ನಾನು ಅಣ್ಣನ ಮನೆಯಲ್ಲೇ ಉಳಿದೆ.

ಹೋದ ವರ್ಷ ಟೇಲರಕ್ಕ ಹೋಗಿಬಿಟ್ಟರು. ಫೋನ್ ಬಂದ ಕೂಡಲೇ ಅಣ್ಣ ನನ್ನೆದುರು ನೆಲದ ಮೇಲೆ ಕೂತ.

"ತಮ್ಮಾ, ಟೇಲರಕ್ಕ ಸತ್ತಾರ. ನಿನ್ನ ಜೋಡಿ ಬರ್ಲೇನು?"

"ಬ್ಯಾಡಣ್ಣಾ. ನನಗ ದಾರಿ ಬರತೈತಿ."

ಬೋರ್ಡು ಓದಿ ಬಳ್ಳಾರಿ ಬಸ್ಸು ಹತ್ತಿದೆ. ಕುರುಗೋಡಿನಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಕೈ ಬೀಸಿದೆ.