ಹಗಲು ಬೆಳಕಿನಲ್ಲಿ ಹೆಣ್ಣು ನೋಡಲು ಬಂದವರು

ಹೋದ ಗುರುವಾರ ಅಫಜಲಪುರದ ನಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿಗೆ ದಿಢೀರ್ ಇನ್ಸ್‌ಪೆಕ್ಷನ್ ಬಂತು. ಯೂನಿವರ್ಸಿಟಿಯವರಲ್ಲ. ನನ್ನನ್ನು ನೋಡಲು ಜೇವರ್ಗಿಯಿಂದ ಬಂದ ಗಂಡಿನ ಕಡೆಯವರು!

ಅವರು ಬರಬೇಕಿದ್ದದ್ದು ಸಂಜೆ, ನಮ್ಮ ಮನೆಗೆ. ಅವ್ವ ಬೆಳಿಗ್ಗೆಯೇ ಉಪ್ಪಿಟ್ಟಿಗೆ ರವೆ ಹುರಿದಿಟ್ಟಿದ್ದಳು. (ನನ್ನ ಮುಖಕ್ಕೆ ಪೌಡರನ್ನೂ ತೆಗೆದಿಟ್ಟಿದ್ದಳು.) ಮತ್ತೆ ಲ್ಯಾಬಿಗೇಕೆ ಬಂದರು? ವರನ ಸೋದರತ್ತೆ ಮುಚ್ಚುಮರೆಯಿಲ್ಲದೆ ಹೇಳಿದರು.

“ಮನ್ಯಾಗ ಟ್ಯೂಬ್‌ಲೈಟ್ ಹಚ್ಚಿರ್ತೀರಿ. ಅದರಾಗ ಎಲ್ಲಾರೂ ಬೆಳ್ಳಗ ಕಾಣ್ತಾರ್ರಿ. ಅದಕ್ಕ ಹಗಲಾಗೇ ಬಂದೀವಿ.”

ಎಂಥ ವೈಜ್ಞಾನಿಕ ಮನೋಭಾವ! ನನ್ನ ವಿದ್ಯಾರ್ಥಿಗಳಿಗೆ ಇದರ ಕಾಲುಭಾಗವಾದರೂ ಇದ್ದಿದ್ದರೆ?

ಅತ್ತೆ ನನ್ನನ್ನು ಕಿಟಕಿಯ ಪಕ್ಕ ನಿಲ್ಲಿಸಿ ನೋಡಿದರು. ಹಿಂದೆ ಸರಿದು ಮತ್ತೊಮ್ಮೆ ನೋಡಿದರು. “ಬಣ್ಣ ಜರಾ ಕಮ್ಮಿ ಅದ” ಎಂದರು. (ವರನ ಬಣ್ಣ? ಅದನ್ನು ಯಾರು ಕೇಳುತ್ತಾರೆ? ಗಂಡಸಿನ ಬಣ್ಣಕ್ಕೆ ಬ್ಯಾಂಕ್ ನೌಕರಿ ಎಂದು ಹೆಸರು.) ಆತ ಆ್ಯಸಿಡ್ ಬಾಟಲಿಗಳ ಲೇಬಲ್ ಓದುತ್ತ ನಿಂತಿದ್ದ.

ಅಷ್ಟರಲ್ಲಿ ಅತ್ತೆಯ ಕಣ್ಣು ಸ್ಪೆಕ್ಟ್ರೋಫೋಟೋಮೀಟರ್ ಮೇಲೆ ಬಿತ್ತು.

“ಇದೇನ್ ಬೇ?”

“ಬಣ್ಣ ಅಳತಿ ಮಾಡೂ ಮಷೀನ್ರಿ.”

“ಹೌದಾ? ಹಂಗಾದ್ರ ನಿನ್ನ ಕೈ ಅದರಾಗ ಇಡು, ನೋಡೂಣು!”

ಬಂದವರೆಲ್ಲ ನಕ್ಕರು. ಆತನೂ ನಕ್ಕ. ಅಲ್ಲಿಯವರೆಗೆ ಆತನ ಮೇಲೆ ನನಗೆ ಒಂದಿಷ್ಟು ಆಸೆಯಿತ್ತು, ಸುಳ್ಳೇಕೆ ಹೇಳಲಿ?

“ಕೈ ಹಿಡಸಂಗಿಲ್ರಿ” ಎಂದೆ. ಅತಿಥಿಗಳಿಗಾಗಿ ಪಕ್ಕದ ಕೋಣೆಯಲ್ಲಿ ಚಹಾ ಕುದಿಯುತ್ತಿತ್ತು, ಹಾಲಿನ್ನೂ ಹಾಕಿರಲಿಲ್ಲ. ಒಂದು ಗಾಜಿನ ಕೊಳವೆಗೆ ಆ ಚಹಾ ಸೋಸಿ ತುಂಬಿದೆ, ಇನ್ನೊಂದಕ್ಕೆ ಹಾಲು. ಡಯಲನ್ನು ಕೆಂಪು ಬೆಳಕಿಗೆ ತಿರುಗಿಸಿದೆ.

“ಇದರಾಗ ಬೆಳಕು ಬಿಡ್ತೀವ್ರಿ. ದಾಟಿ ಬಂದದ್ದಕ್ಕ ಟ್ರಾನ್ಸ್‌ಮಿಟೆನ್ಸ್ ಅಂತೀವಿ. ದಾಟದ್ದರ ಅಳತಿ ಅಬ್ಸಾರ್ಬೆನ್ಸ್. ಈ ಚಹಾ, ಹಾಲು ಎರಡರಾಗ ಯಾವುದು ಬೆಳಕು ದಾಟಾಕ ಬಿಡ್ತದ ಹೇಳ್ರಿ?”

“ಹಾಲು! ಕೇಳೂದೇನದ ಅದರಾಗ?”

ಹಾಲಿಟ್ಟೆ. ಟ್ರಾನ್ಸ್‌ಮಿಟೆನ್ಸ್ ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ. ಚಹಾ ಇಟ್ಟೆ. ಮುಳ್ಳು ನೂರರ ಕಡೆ ಜಿಗಿಯಿತು. (ಹಾಲು ಬೆಳಕನ್ನು ನುಂಗುವುದಿಲ್ಲ, ಸುತ್ತಲೂ ಚದುರಿಸುತ್ತದೆ. ಪಾಪ, ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಆಚೆ ಕಡೆಗೆ ಬೆಳಕು ತಲುಪುವುದಿಲ್ಲ ಎನ್ನುವುದಂತೂ ನಿಜ.)

ಅತ್ತೆ ಮುಳ್ಳನ್ನು ನೋಡಿದರು. ನನ್ನನ್ನು ನೋಡಿದರು. ತೀರ್ಪು ಕೊಟ್ಟರು. “ಮಷೀನ್ ಕೆಟ್ಟದ.”

ಚಹಾ ಕುಡಿಯದೆ ಎದ್ದು ಹೋದರು.

ಸಂಜೆ ನೆಂಟಸ್ತಿಕೆ ತಂದಿದ್ದ ಗುರುಪಾದಪ್ಪ ಮನೆಗೆ ಬಂದ. “ಬಣ್ಣ ಹೆಂಗರ ನಡೀತಿತ್ತಂತ್ರಿ. ಹುಡುಗಿ ಭಾಳ ಮಾತಾಡ್ತಾಳಂತ.” ಅವ್ವ ಒಲೆಯ ಮುಂದೆ ಕೂತು ಕಣ್ಣೊರೆಸಿಕೊಂಡಳು. “ಒಂದು ತಾಸು ಬಾಯಿ ಮುಚ್ಚಿಕೊಂಡು ನಿಂದ್ರಾಕ ಆಗಲಿಲ್ಲೇನ್ ಬೇ ನಿನಗ?”

ಹೊರಡುವಾಗ ಗುರುಪಾದಪ್ಪ ಹೊಸ್ತಿಲಲ್ಲಿ ನಿಂತು ಅಪ್ಪನಿಗೆ ಹೇಳಿದ. “ಆ ಅತ್ತಿಗೂ ಒಬ್ಬಾಕಿ ಮಗಳದಾಳ್ರಿ. ಕಪ್ಪು ಅಂತ ಎರಡು ಕಡೆ ಒಲ್ಲೆ ಅಂದಾರ. ಬಣ್ಣ ಕೇಳಲಾರದ ಮನಿ ಇದ್ರ ಹೇಳಂದಾರ.”

ಅಂಥ ಮನೆ ನಿಮಗೆಲ್ಲಾದರೂ ಗೊತ್ತಿದ್ದರೆ ದಯವಿಟ್ಟು ಆ ಹುಡುಗಿಗೇ ಹೇಳಿ, ಅವಳ ತಾಯಿಯನ್ನು ಮಾತ್ರ ಜೊತೆಗೆ ಕಳಿಸಬೇಡಿ.