ವೈಜನಾಥ ಕೇಳಿದ ಕಾಯ್ದೆ

ಹುಮನಾಬಾದಿನ ಅರಿವೆ ಅಂಗಡಿಯ ವೈಜನಾಥನಿಗೆ ಕಾಯ್ದೆಗಳೆಂದರೆ ಭಾರೀ ಹುಚ್ಚು. ಜಾತಿ ಕೇಳದೆ ರಿಜಿಸ್ಟರ್ ಮದುವೆ ಮಾಡಿಸುವ ಕಾಯ್ದೆ ಬಂದಿದೆ ಎಂದು ಸಿಕ್ಕವರಿಗೆಲ್ಲ ಉಪದೇಶ. ಲುಂಗಿಗೆ ಬಂದ ಗಿರಾಕಿ ಸಂವಿಧಾನ ಹೊತ್ತುಕೊಂಡು ಹೋಗಬೇಕು!

ಅವನ ಮಾತನ್ನು ನಿಜವಾಗಿ ನಂಬಿದವಳು ತಂಗಿ ಶಕುಂತಲಾಬಾಯಿ. ಗಂಡ ಸತ್ತ ಮೇಲೆ ಆಕೆ ಮಂಠಾಳದಲ್ಲಿ ಹೊಲ ಮಾಡಿಕೊಂಡು, ಕಳೆ ತೆಗೆಯಲು ಬಂದ, ಊರ ಹೊರಗಿನ ಕೇರಿಯ ಬೌದ್ಧರ ಮುಕ್ತಾಬಾಯಿಯ ಜೊತೆ ಒಂದೇ ಒಲೆ ಹೂಡಿ ಬಾಳುತ್ತಿದ್ದಳು. ೧೯೭೩ರಲ್ಲಿ ಒಂದು ದಿನ ಅಂಗಡಿಗೆ ಬಂದು ಕೂತಳು.

"ಅಣ್ಣಾ, ನಂದೂ ಮುಕ್ತಾಂದೂ ಮದುವಿ ರಿಜಿಸ್ಟರ್ ಮಾಡಸು. ನಾಳಿ ನಾ ಬಿದ್ದರ ಆಕಿನ್ನ ಯಾರೂ ಹೊರಗ ಹಾಕಬಾರ್ದು."

"ಇಬ್ಬರೂ ಹೆಣ್ಮಕ್ಕಳು... ಹ್ಯಾಂಗವ್ವ?"

"ಜಾತಿ ಕೇಳಂಗಿಲ್ಲ ಅಂತಿದ್ದ್ಯಲ್ಲ, ಇದನ್ನ್ಯಾಕ ಕೇಳ್ತದ?"

ಕೇಳುತ್ತದೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ. ಬೀದರಿನ ರಿಜಿಸ್ಟರ್ ಕಚೇರಿಯಲ್ಲಿ ವಿಚಾರಿಸಿದರೆ, ಒಂದು ಗಂಡು ಒಂದು ಹೆಣ್ಣು ಇರಲೇಬೇಕು ಎಂದರು. ಹಾಗಾದರೆ ಕಾಯ್ದೆಯನ್ನೇ ತಿದ್ದಿಸೋಣವೆಂದು, ಬಸವಕಲ್ಯಾಣಕ್ಕೆ ಬಂದಿದ್ದ ಶಾಸಕರ ಹತ್ತಿರ ಹೋದ. ಅವರು ನಕ್ಕು ನಕ್ಕು ಸುಸ್ತಾದರು. ಅವರಿಗೇನು, ನಗುವುದಕ್ಕೂ ಭತ್ಯೆ!

"ವೈಜನಾಥಪ್ಪನವರ, ಈ ಕಲ್ಯಾಣದಾಗ ಹಿಂದೊಮ್ಮಿ ಮದುವಿ ಸಲುವಾಗಿ ರಕ್ತ ಹರದದ. ನನ್ನ ಕುರ್ಚಿ ಯಾಕ ಅಲ್ಲಾಡಸಾಕತ್ತೀರಿ? ಇದು ದಿಲ್ಲಿ ಕಾಯ್ದಾರಿ, ಅಲ್ಲಿಗೇ ಬರೀರಿ."

ದಿಲ್ಲಿಗೆ ಬರೆದರೆ ಬೆಂಗಳೂರನ್ನು ಕೇಳಿ ಎಂದು ಉತ್ತರ. ತಂಗಿಯೂ ಮುಕ್ತಾಬಾಯಿಯೂ ಗೆಳತಿಯರೋ, ಗಂಡಹೆಂಡಿರೋ? ತಾನು ಕೇಳುತ್ತಿರುವುದು ನ್ಯಾಯವೋ, ಹುಚ್ಚೋ? ವೈಜನಾಥನಿಗೆ ಒಂದೂ ಬಗೆಹರಿಯಲಿಲ್ಲ. ಮಂಠಾಳದಲ್ಲಿ ಅವರಿಬ್ಬರೂ ಬಡಿಸಿದ ರೊಟ್ಟಿ ತಿನ್ನುವಾಗ ಎಲ್ಲ ಸರಿ ಅನಿಸುತ್ತಿತ್ತು; ಬಸ್ಸು ಹತ್ತಿದರೆ ಮತ್ತೆ ತಲೆ ತಿರುಗುತ್ತಿತ್ತು. ಆದರೂ ತಂಗಿಯ ಮೇಲಿನ ಅಕ್ಕರೆಯಿಂದ ಅರ್ಜಿ ಬರೆಯುವುದನ್ನು ಬಿಡಲಿಲ್ಲ.

ಆರೇಳು ವರ್ಷ ಕಳೆದು ಶಕುಂತಲಾಬಾಯಿ ಎದೆನೋವೆಂದು ಬಿದ್ದಳು. ಮುಕ್ತಾಬಾಯಿ ಆಕೆಯನ್ನು ಗಾಡಿಯಲ್ಲಿ ಬಸವಕಲ್ಯಾಣದ ದವಾಖಾನೆಗೆ ತಂದು, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸುದ್ದಿ ತಿಳಿದು ವೈಜನಾಥ ಓಡಿ ಬಂದ.

"ಮನೀಯವರಷ್ಟೇ ಒಳಗ ಇರ್ರಿ. ಈಕಿ ಯಾರು?" ಎಂದು ಡಾಕ್ಟರು ಅವನನ್ನು ಕೇಳಿದರು.

ಅಷ್ಟು ಅರ್ಜಿಗಳಲ್ಲಿ ಬರೆದ ಮಾತು ನಾಲಿಗೆಗೆ ಬರಲಿಲ್ಲ. ಸುತ್ತ ನಾಲ್ಕು ಜನ ನೋಡುತ್ತಿದ್ದರು.

"ಹೊಲದ ಕೆಲಸದಾಕಿರಿ," ಎಂದುಬಿಟ್ಟ.

ಮುಕ್ತಾಬಾಯಿ ಅವನ ಮುಖವನ್ನೊಮ್ಮೆ ನೋಡಿದಳು. ಶಕುಂತಲಾಬಾಯಿಯ ತಲೆಯನ್ನು ಮೆಲ್ಲಗೆ ದಿಂಬಿನ ಮೇಲಿಟ್ಟು ಹೊರಗೆ ಹೋದಳು.

ಸ್ವಲ್ಪ ಹೊತ್ತಿಗೆ ತಂಗಿ ಕಣ್ಣು ಬಿಟ್ಟಳು. "ಮುಕ್ತಾ ಎಲ್ಲಿ?"

"ಹೊರಗ ಅದಾಳವ್ವ."

"ಯಾರು ಹೊರಗ ಹಾಕಿದ್ರು?"

ದಿಲ್ಲಿಯವರು ಎನ್ನುವಂತಿರಲಿಲ್ಲ. ಬೆಂಗಳೂರಿನವರು ಎನ್ನುವಂತೆಯೂ ಇರಲಿಲ್ಲ.

"ನಾನವ್ವ," ಎಂದ.