ಮರುಭೂಮಿಯ ನಕಾಶೆ ಓದುತ್ತಿದ್ದ ಕಾಕಾ

ಕಾಕಾನ ಬಲಗಣ್ಣಿನ ಸುತ್ತ ಮಧ್ಯಾಹ್ನದ ಊಟದ ಹೊತ್ತಿಗೂ ಒಂದು ಕೆಂಪು ಬಳೆ ಮಾಸದೆ ಉಳಿದಿರುತ್ತಿತ್ತು. ಬೆಳಿಗ್ಗೆಯಿಂದ ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿ ಹಿಡಿದ ಗುರುತು ಅದು. ಕೆನಡಾದ ಮಿಸಿಸಾಗದ ನಮ್ಮ ಆಫೀಸಿನಲ್ಲಿ ನಾವೆಲ್ಲ ಎರಡೆರಡು ಸ್ಕ್ರೀನಿನ ಮುಂದೆ ಕೂತಿದ್ದರೆ ಅವರು ಮಾತ್ರ ಹಳೆಯ ಕಾಗದದ ಮೇಲೆ ಬಗ್ಗಿರುತ್ತಿದ್ದರು. ಗದಗದ ಕಡೆಯ ಒಣನೆಲದಲ್ಲಿ ದನ ಮೇಯಿಸಿ ಬೆಳೆದು, ಆಮೇಲೆ ಸರ್ವೆ ಕಚೇರಿಯಲ್ಲಿ ನಕಾಶೆ ಬರೆದವರು. ನಾನು ಮೈಸೂರಿನವಳು, ಮ್ಯಾಪಿಂಗ್‌ನಲ್ಲಿ ಇಲ್ಲಿಯೇ ಮಾಸ್ಟರ್ಸ್ ಮಾಡಿದವಳು. ಆದರೂ ಮ್ಯಾನೇಜರ್ ಏನು ಕೇಳುವುದಿದ್ದರೂ ನನ್ನ ಕುರ್ಚಿ ದಾಟಿ ಅವರ ಹತ್ತಿರ ಹೋಗುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು. ಅವರು ಡಬ್ಬಿ ತೆರೆದು ರೊಟ್ಟಿ ಕೊಟ್ಟರೆ ಹಸಿವಿಲ್ಲ ಎನ್ನುತ್ತಿದ್ದೆ. ಆಫೀಸಿಗೆಲ್ಲ ಅವರು ಕಾಕಾ, ನನಗೊಬ್ಬಳಿಗೆ ಸರ್.

ಆಗ ನಮ್ಮ ಕೈಯಲ್ಲಿದ್ದದ್ದು ಅಮೆರಿಕದ ಒಂದು ಮರುಭೂಮಿ. ಮೈಲಿಗಟ್ಟಲೆ ದನ ಮೇಯಿಸುವ ರಾಂಚುಗಳು, ನಡುವೆ ಗ್ಯಾಸಿಗೆಂದು ಕೊರೆದ ಬಾವಿಗಳು. ಹಳೆಯ ನಕಾಶೆಗಳನ್ನು ನೋಡಿ, ಜನ ಮರೆತುಬಿಟ್ಟ ಬಾವಿಗಳನ್ನು ಗುರುತಿಸಬೇಕಿತ್ತು. ಪ್ರತಿ ಹಾಳೆಯ ಮೂಲೆಯಲ್ಲಿ ಪರಿಶೀಲಿಸಿದವರ ಹೆಸರಿರುತ್ತಿತ್ತು. ಎಲ್ಲದರಲ್ಲೂ ಕಾಕಾನ ಹೆಸರೇ. ಒಂದರಲ್ಲಾದರೂ ನನ್ನದು ಬರಬೇಕೆಂದು ನನಗೆ ಹಟ.

ಅವರು ಆಸ್ಪತ್ರೆಗೆಂದು ರಜೆ ಹಾಕಿದ ದಿನ ಒಂದು ಹಾಳೆಯನ್ನು ನಾನೇ ಮುಗಿಸಿದೆ. ಹೆಸರಿಲ್ಲದ ಒಂದು ಪುಟ್ಟ ವೃತ್ತವನ್ನು ಗ್ಯಾಸ್ ಬಾವಿ ಎಂದು ಗುರುತಿಸಿ, ಮೂಲೆಯಲ್ಲಿ ನನ್ನ ಹೆಸರು ಬರೆದೆ. ಮರುದಿನ ಕಾಕಾ ಅದನ್ನು ಬಹಳ ಹೊತ್ತು ನೋಡಿದರು.

“ತಂಗಿ, ಇಲ್ಲಿ ಬಾ. ಈ ಐದು ಚುಕ್ಕಿ ಗೆರಿ ಏನು?”

“ದನ ಓಡಾಡೋ ಜಾಡು, ಸರ್.”

“ಐದೂ ಕಡಿಂದ ಬಂದು ಇಲ್ಲೇ ಕೂಡ್ಯಾವ. ದನಾ ಗ್ಯಾಸ್ ಕುಡ್ಯಾಕ ಹೊಂಟಾವೇನು?”

ನಾನು ಬಾವಿ ಎಂದದ್ದು ದನದ ನೀರಿನ ತೊಟ್ಟಿ. ನನ್ನನ್ನು ನಂಬಿದ್ದರೆ ಸುಡುವ ಮರಳಿನಲ್ಲಿ ಯಾರೋ ಇಲ್ಲದ ಬಾವಿ ಹುಡುಕುತ್ತಿದ್ದರು. ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಹಾಳೆಯನ್ನು ಅವರ ಮುಂದೆಯೇ ಬಿಟ್ಟು ಎದ್ದುಹೋದೆ. ತಿದ್ದಿ, ಮ್ಯಾನೇಜರಿಗೆ ತೋರಿಸಿ, ತಮ್ಮ ಹೆಸರು ಹಾಕಿಕೊಳ್ಳಲಿ ಎಂದುಕೊಂಡೆ.

ಆ ಚಳಿಗಾಲದಲ್ಲೇ ಕಾಕಾ ತೀರಿಕೊಂಡರು. ಅವರ ಕುರ್ಚಿ ನನಗೆ ಬಂತು, ಭೂತಗನ್ನಡಿಯೂ ಬಂತು.

ಮೊನ್ನೆ ಯಾವುದೋ ಕೆಲಸಕ್ಕೆ ಆ ಹಾಳೆ ತೆಗೆದೆ. ಬಾವಿಯ ಗುರುತನ್ನು ಹೊಡೆದುಹಾಕಿ, ಅವರ ದುಂಡು ಅಕ್ಷರದಲ್ಲಿ ನೀರಿನ ತೊಟ್ಟಿ ಎಂದು ತಿದ್ದಿದ್ದರು. ಮೂಲೆಯಲ್ಲಿದ್ದ ನನ್ನ ಹೆಸರನ್ನು ಮುಟ್ಟಿರಲಿಲ್ಲ. ಮ್ಯಾನೇಜರನ್ನು ಕೇಳಿದೆ. ದನದ ಜಾಡು ನೋಡಿ ನೀರು ಕಂಡುಹಿಡಿದವಳು ನಾನೇ ಎಂದು ಕಾಕಾ ಅವಳಿಗೆ ಆಗಲೇ ಹೇಳಿದ್ದರಂತೆ.

ಕಾಕಾನ ಮೇಲೆ ನನಗೆ ಈಗಲೂ ಹೊಟ್ಟೆಕಿಚ್ಚು. ಅವರ ಜಾಗದಲ್ಲಿ ನಾನಿದ್ದಿದ್ದರೆ ಆ ಹೆಸರನ್ನು ಅಳಿಸಿಬಿಡುತ್ತಿದ್ದೆ.